ಎರಡೂವರೆ ವರ್ಷ, ಮೂರು ಮಾಸ್ಕು: ಸಿಪ್ಯಾಪ್ ಯಂತ್ರದ ಬಳಕೆಯೂ ಗಾಳಿ ಸೋರಿಕೆಯ ಪಾಡೂ

ನಾನು ಶಿವಮೊಗ್ಗದಲ್ಲಿರುವ ಐವತ್ಮೂರು ವರ್ಷದ ಬ್ಯಾಂಕ್ ನೌಕರ. ನಿದ್ರೆಯಲ್ಲಿ ಉಸಿರು ಕಟ್ಟದಂತೆ ಮಾಸ್ಕಿನ ಮೂಲಕ ಗಾಳಿ ಊದುವ, ಒತ್ತಡವನ್ನು ತಾನೇ ಹೊಂದಿಸಿಕೊಳ್ಳುವ ಸಿಪ್ಯಾಪ್ ಯಂತ್ರವನ್ನು ಎರಡೂವರೆ ವರ್ಷದಿಂದ ಬಳಸುತ್ತಿದ್ದು, ಅದರ ಲೆಕ್ಕದಲ್ಲಿ ನಾನು ಅದನ್ನು ಕಟ್ಟಿಕೊಂಡು ಮಲಗಿದ ಅವಧಿ 6,000 ಗಂಟೆ ದಾಟಿದೆ. ಯಂತ್ರದ ಮತ್ತು ಮಾಸ್ಕುಗಳ ಕಂಪನಿಯ ಹೆಸರನ್ನು ಇಲ್ಲಿ ಬರೆಯುತ್ತಿಲ್ಲ. ಯಂತ್ರ ಇದುವರೆಗೆ ಒಮ್ಮೆಯೂ ಕೈಕೊಟ್ಟಿಲ್ಲ; ನನ್ನನ್ನು ಕಾಡಿದ್ದೆಲ್ಲ ಮಾಸ್ಕು. ನನ್ನ ಮುಖಕ್ಕೆ ಒಗ್ಗದ ಮಾಸ್ಕು ಓದುವವರ ಮುಖಕ್ಕೆ ಹೇಳಿ ಮಾಡಿಸಿದಂತೆ ಕೂರಬಹುದು. ಹಾಗಾಗಿ ಹೆಸರಿಗಿಂತ ಮಾಸ್ಕಿನ ಜಾತಿ ಮತ್ತು ಅದನ್ನು ಕಟ್ಟಿಕೊಳ್ಳುವ ಕ್ರಮ ತಿಳಿದರೆ ಹೆಚ್ಚು ಉಪಯೋಗವೆಂದು ನನ್ನ ಎಣಿಕೆ.

ಗೊರಕೆ ನಮ್ಮ ಮನೆತನದಲ್ಲಿ ಹೊಸದೇನಲ್ಲ. ಆದರೆ ಗೊರಕೆ ಇದ್ದಕ್ಕಿದ್ದಂತೆ ನಿಂತು, ಅರ್ಧ ನಿಮಿಷದ ಮೌನದ ನಂತರ ನಾನು ಉಸಿರಿಗಾಗಿ ತಡಕಾಡಿದಂತೆ ಎದ್ದು ಬೀಳುವುದನ್ನು ಕಂಡ ಹೆಂಡತಿ ಹಟ ಹಿಡಿದು ಪರೀಕ್ಷೆಗೆ ಕರೆದೊಯ್ದಳು. ಗಂಟೆಗೆ ಸರಾಸರಿ 41 ಬಾರಿ ಉಸಿರು ಕಟ್ಟುತ್ತಿದೆ ಅಥವಾ ಕುಗ್ಗುತ್ತಿದೆ ಎಂದು ವರದಿ ಬಂತು. ಐದರಿಂದ ಹದಿನೈದು ಸೌಮ್ಯ, ಮೂವತ್ತರವರೆಗೆ ಮಧ್ಯಮ, ಅದರ ಮೇಲೆ ತೀವ್ರ ಎಂಬುದು ವೈದ್ಯರ ಲೆಕ್ಕ. ನಿದ್ರೆಯಲ್ಲಿ ಗಂಟಲಿನ ಸ್ನಾಯುಗಳು ಸಡಿಲಗೊಂಡು ಶ್ವಾಸದ ದಾರಿ ಕುಸಿಯುತ್ತದೆ. ಯಂತ್ರ ಎಡೆಬಿಡದೆ ಊದುವ ಗಾಳಿ ಆ ದಾರಿಯನ್ನು ಒಳಗಿನಿಂದ ಎತ್ತಿಹಿಡಿಯುತ್ತದೆ. ಇದಕ್ಕೆ ಬೇಕಾದ ಒತ್ತಡ ತೀರ ಕಡಿಮೆ. ಹತ್ತು ಸೆಂಟಿಮೀಟರ್ ನೀರಿನ ಒತ್ತಡವೆಂದರೆ ನಮ್ಮ ಸುತ್ತಲಿನ ವಾತಾವರಣದ ಒತ್ತಡದ ನೂರರಲ್ಲಿ ಒಂದು ಪಾಲು ಮಾತ್ರ. ಇಷ್ಟು ಸಣ್ಣ ಒತ್ತಡವೇ ಇಡೀ ಚಿಕಿತ್ಸೆಯಾದ್ದರಿಂದ ಮಾಸ್ಕಿನ ಅಂಚಿನಲ್ಲಿ ಬಿಟ್ಟ ಸಣ್ಣ ಸಂದಿಯೂ ಲೆಕ್ಕಕ್ಕೆ ಬರುತ್ತದೆ.

ಯಂತ್ರ ತಂದುಕೊಟ್ಟ ಮಾರಾಟಗಾರರು ನನ್ನನ್ನು ಕುರ್ಚಿಯ ಮೇಲೆ ಕೂರಿಸಿ, ಮೂಗು ಬಾಯಿ ಎರಡನ್ನೂ ಮುಚ್ಚುವ ಮಾಸ್ಕನ್ನು ಕಟ್ಟಿ, "ಸರಿಯಾಗಿದೆ ಸಾರ್" ಎಂದು ಹೇಳಿ ಹತ್ತು ನಿಮಿಷದಲ್ಲಿ ಹೊರಟರು. ಯಂತ್ರವನ್ನು ಚಾಲೂ ಮಾಡಿಯೂ ನೋಡಲಿಲ್ಲ. ಮೊದಲ ರಾತ್ರಿ ಒಂದು ಗಂಟೆ ನಲವತ್ತು ನಿಮಿಷ ತಡೆದುಕೊಂಡು ಕಿತ್ತೆಸೆದೆ. ಗಾಳಿ ಹೆಚ್ಚಾಗಿ ಉಸಿರುಗಟ್ಟುತ್ತಿದೆ ಎಂದು ಭಾವಿಸಿದ್ದೆ. ವೈದ್ಯರು ವಿಚಾರಿಸಿದಾಗ ಅದು ತದ್ವಿರುದ್ಧವೆಂದು ತಿಳಿಯಿತು. ಆರಂಭದ ಒತ್ತಡವನ್ನು ಯಂತ್ರದ ಕನಿಷ್ಠವಾದ 4 ಸೆಂಟಿಮೀಟರಿಗೇ ಬಿಟ್ಟಿದ್ದರಿಂದ ದೊಡ್ಡ ಉಸಿರೆಳೆದಾಗ ಸಾಕಷ್ಟು ಗಾಳಿ ಸಿಗುತ್ತಿರಲಿಲ್ಲ. ಅವರು ಕನಿಷ್ಠವನ್ನು 6ಕ್ಕೂ ಗರಿಷ್ಠವನ್ನು 14ಕ್ಕೂ ಇಟ್ಟು, ಉಸಿರು ಬಿಡುವಾಗ ಒತ್ತಡ ತುಸು ಇಳಿಯುವ ಸೌಲಭ್ಯವನ್ನು ಚಾಲೂ ಮಾಡಿಕೊಟ್ಟರು. ಸಂಜೆ ಸುದ್ದಿ ನೋಡುವಾಗ ಅರ್ಧ ಗಂಟೆ ಎಚ್ಚರವಾಗಿಯೇ ಮಾಸ್ಕು ಹಾಕಿಕೊಂಡು ಕೂರುವಂತೆಯೂ ಹೇಳಿದರು. ಮನೆಗೆ ಬಂದ ಅಕ್ಕಪಕ್ಕದವರಿಗೆ ಅದೊಂದು ತಮಾಷೆಯಾಯಿತು. ಆದರೆ ನನ್ನ ಮಟ್ಟಿಗೆ ಮಾಸ್ಕಿನ ಭಯ ಬಿಟ್ಟದ್ದು ಈ ಅಭ್ಯಾಸದಿಂದಲೇ. ಹನ್ನೆರಡನೆಯ ದಿನಕ್ಕೆ ಐದು ಗಂಟೆ ಮಲಗಿದೆ.

ಭಯ ಬಿಟ್ಟ ಮೇಲೆ ಸೋರಿಕೆ ಶುರುವಾಯಿತು. ಅಥವಾ ಮೊದಲಿನಿಂದಲೂ ಇದ್ದದ್ದು ಆಗ ಗಮನಕ್ಕೆ ಬಂತು. ಮಾಸ್ಕಿನ ಮೇಲಂಚಿನಿಂದ ಗಾಳಿ ನೇರ ಕಣ್ಣಿಗೆ ಹೊಡೆದು ಬೆಳಿಗ್ಗೆ ಕಣ್ಣು ಕೆಂಡದಂತಾಗಿರುತ್ತಿದ್ದವು. ಕೆನ್ನೆಯ ಬದಿಯಿಂದ ಹೊರಟ ಪೀಪಿಯ ಸದ್ದಿಗೆ ಹೆಂಡತಿ ಎದ್ದು, ಗೊರಕೆಯೇ ವಾಸಿಯಾಗಿತ್ತು ಎಂದಳು. ಎಲ್ಲರೂ ಮಾಡುವ ತಪ್ಪನ್ನೇ ನಾನೂ ಮಾಡಿದೆ, ಪಟ್ಟಿಗಳನ್ನು ಬಿಗಿದೆ. ಸೋರಿದಷ್ಟೂ ಬಿಗಿದೆ, ಬಿಗಿದಷ್ಟೂ ಸೋರಿತು. ಮೂರನೆಯ ವಾರಕ್ಕೆ ಮೂಗಿನ ದಿಂಡಿನ ಮೇಲೆ ಹುಣ್ಣಾಗಿತ್ತು.

ಕಾರಣ ತಿಳಿದದ್ದು ಮಾಸ್ಕಿನಲ್ಲಿ ಮುಖಕ್ಕೆ ತಾಗುವ ಮೆತ್ತನೆಯ ಭಾಗವಾದ ಕುಶನ್ನನ್ನು ಕಳಚಿ ಬೆಳಕಿಗೆ ಹಿಡಿದು ನೋಡಿದಾಗ. ಅದರ ಅಂಚಿನಲ್ಲಿ ಸಿಲಿಕೋನಿನ ಎರಡು ಪದರಗಳಿವೆ. ಹೊರಗಿನದು ಈರುಳ್ಳಿ ಸಿಪ್ಪೆಯಷ್ಟು ತೆಳು. ಯಂತ್ರದ ಗಾಳಿಯೇ ಈ ಪದರವನ್ನು ಉಬ್ಬಿಸಿ ಮುಖದ ಏರುತಗ್ಗಿಗೆ ಹೊಂದಿಸುತ್ತದೆ. ಪಟ್ಟಿ ಬಿಗಿದಾಗ ಅದು ಒಳಗಿನ ದಪ್ಪ ಪದರಕ್ಕೆ ಒತ್ತಿಕೊಂಡು ಸುಕ್ಕಾಗುತ್ತದೆ, ಪ್ರತಿ ಸುಕ್ಕೂ ಒಂದು ಕಾಲುವೆ. ಅಂದಹಾಗೆ ಈ ತೊಂದರೆ ಯಂತ್ರದಷ್ಟೇ ಹಳೆಯದು. ಆಸ್ಟ್ರೇಲಿಯಾದ ಸಿಡ್ನಿಯಲ್ಲಿ ಕಾಲಿನ್ ಸುಲ್ಲಿವನ್ ಎಂಬ ವೈದ್ಯರು 1980ರಲ್ಲಿ ಈ ಚಿಕಿತ್ಸೆಯನ್ನು ಮೊದಲು ಪ್ರಯೋಗಿಸಿ, 1981ರಲ್ಲಿ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಪ್ರಕಟಿಸಿದರು. ಆ ಆರಂಭದ ವರ್ಷಗಳಲ್ಲಿ ರೋಗಿಯ ಮೂಗಿನ ಅಚ್ಚು ತೆಗೆದು ಮಾಸ್ಕು ಮಾಡಿ, ಸೋರದಿರಲೆಂದು ಪ್ರತಿ ರಾತ್ರಿ ಸಿಲಿಕೋನ್ ಅಂಟಿನಿಂದ ಮುಖಕ್ಕೆ ಅಂಟಿಸುತ್ತಿದ್ದರಂತೆ. ಅದನ್ನು ಓದಿದ ಮೇಲೆ ನನ್ನ ಪಟ್ಟಿಗಳ ಮೇಲಿನ ಸಿಟ್ಟು ಸ್ವಲ್ಪ ಇಳಿಯಿತು.

ಈಗ ನಾನು ಮಾಸ್ಕು ಕಟ್ಟುವುದು ಮಲಗಿದ ಮೇಲೆಯೇ. ಕೂತಾಗಿನ ಮುಖ ಬೇರೆ, ಮಲಗಿದಾಗಿನ ಮುಖ ಬೇರೆ. ಕೆನ್ನೆ ಕಿವಿಯ ಕಡೆಗೆ ಜಾರುತ್ತದೆ, ದವಡೆ ಹಿಂದೆ ಸರಿಯುತ್ತದೆ. ಯಂತ್ರ ಚಾಲೂ ಮಾಡಿ, ಪಟ್ಟಿಗಳನ್ನೆಲ್ಲ ಸಡಿಲಿಸಿ, ಮಾಸ್ಕನ್ನು ಮುಖದಿಂದ ಒಂದು ಬೆರಳಿನಷ್ಟು ಮುಂದಕ್ಕೆಳೆದು ಕುಶನ್ನು ಗಾಳಿ ತುಂಬಿಕೊಳ್ಳಲು ಬಿಟ್ಟು, ಮೆಲ್ಲಗೆ ಮತ್ತೆ ಕೂರಿಸುತ್ತೇನೆ. ಆಮೇಲೆ ಕೆಳಗಿನ ಜೋಡಿಯನ್ನು ಎರಡೂ ಕಡೆ ಸಮವಾಗಿ, ಬಳಿಕ ಮೇಲಿನ ಜೋಡಿಯನ್ನು, ಸೋರಿಕೆ ನಿಲ್ಲುವಷ್ಟೇ ಎಳೆಯುತ್ತೇನೆ. ನನ್ನ ಯಂತ್ರದಲ್ಲಿ ಮಾಸ್ಕಿನ ಹೊಂದಾಣಿಕೆ ಪರೀಕ್ಷಿಸುವ ಆಯ್ಕೆಯೊಂದಿದ್ದು, ಅದನ್ನು ಒತ್ತಿದರೆ ನಡುರಾತ್ರಿಯಲ್ಲಿ ಬರುವಂಥ ಒತ್ತಡವನ್ನು ಆಗಲೇ ಕೊಡುತ್ತದೆ. ಆ ಆಯ್ಕೆ ಇದೆಯೆಂದು ನನಗೆ ಯಾರೂ ಹೇಳಿರಲಿಲ್ಲ. ಕೈಪಿಡಿಯಲ್ಲಿ ಸಿಕ್ಕಿದ್ದು ಎರಡನೆಯ ತಿಂಗಳಲ್ಲಿ.

ಇಷ್ಟಾದರೂ ಬೆಳಗಿನ ಜಾವ ಮೂರರಿಂದ ಐದರ ನಡುವೆ ಸೋರಿಕೆ ಉಳಿದೇ ಇತ್ತು. ಮೊಬೈಲ್ ಆ್ಯಪ್ ಕೊಡುವ ನಗುಮುಖದ ಚಿಹ್ನೆಯಿಂದ ಏನೂ ತಿಳಿಯುವುದಿಲ್ಲ. ನನ್ನ ಅಭಿಪ್ರಾಯದಲ್ಲಿ ಅದು ಮಕ್ಕಳ ಆಟದಂತಿದೆ. ಯಂತ್ರದ ಮೆಮೊರಿ ಕಾರ್ಡನ್ನು ಕಂಪ್ಯೂಟರಿಗೆ ಹಾಕಿ, 'ಆಸ್ಕರ್' ಎಂಬ ಉಚಿತ ತಂತ್ರಾಂಶದಲ್ಲಿ ರಾತ್ರಿಯ ರೇಖಾಚಿತ್ರಗಳನ್ನು ನೋಡಲು ಕಲಿತ ಮೇಲೆ ಊಹೆಗಳು ಕಡಿಮೆಯಾದವು. ಮೊದಲು ಅರಿಯಬೇಕಾದದ್ದು, ಮಾಸ್ಕಿನಲ್ಲಿ ನಾವು ಬಿಟ್ಟ ಉಸಿರು ಹೊರಹೋಗಲೆಂದೇ ಇಟ್ಟ ಸಣ್ಣ ರಂಧ್ರಗಳಿವೆ. ಅಲ್ಲಿಂದ ಹೋಗುವ ಗಾಳಿ ದೋಷವಲ್ಲ, ಆ ರಂಧ್ರಗಳನ್ನು ಎಂದೂ ಮುಚ್ಚಬಾರದು. ನನ್ನ ಯಂತ್ರ ಆ ಪಾಲನ್ನು ಕಳೆದು ಉಳಿದದ್ದನ್ನಷ್ಟೇ ಸೋರಿಕೆಯೆಂದು ತೋರಿಸುತ್ತದೆ, ನಿಮಿಷಕ್ಕೆ 24 ಲೀಟರ್ ದಾಟಿದರೆ ಹೆಚ್ಚೆಂದು ಎಣಿಸುತ್ತದೆ. ನನ್ನ ರೇಖಾಚಿತ್ರದಲ್ಲಿ ಎರಡು ಬಗೆಯ ಗುರುತುಗಳಿದ್ದವು. ಸೂಜಿಯಂತೆ ಎದ್ದು ಬೀಳುವವು ನಾನು ಮಗ್ಗುಲು ಬದಲಿಸಿದ್ದಕ್ಕೆ. ಗುಡ್ಡದ ನೆತ್ತಿಯಂತೆ ಇಪ್ಪತ್ತು ಮೂವತ್ತು ನಿಮಿಷ ಚಪ್ಪಟೆಯಾಗಿ ನಿಲ್ಲುವವು ದವಡೆ ಸಡಿಲಗೊಂಡು ಮಾಸ್ಕಿನ ಕೆಳಂಚು ಬಿಟ್ಟಿದ್ದಕ್ಕೆ. ಕನಸಿನ ನಿದ್ರೆ ಬೆಳಗಿನ ಜಾವಕ್ಕೇ ಹೆಚ್ಚು. ಆಗ ಸ್ನಾಯುಗಳು ಪೂರ್ತಿ ಸಡಿಲವಾಗುತ್ತವೆ, ಯಂತ್ರವೂ ಒತ್ತಡ ಏರಿಸುತ್ತದೆ, ಸಂಜೆ ಹಿಡಿದಿದ್ದ ಅಂಚು ಜಾವದಲ್ಲಿ ಬಿಡುತ್ತದೆ.

ಇನ್ನೊಂದು ಸಂಗತಿ ಕಂಡಾಗ ನನಗೆ ನಗು ಬಂತು. ತಿಂಗಳ ಚಿತ್ರಗಳನ್ನು ಸಾಲಾಗಿ ನೋಡಿದಾಗ ಪ್ರತಿ ಭಾನುವಾರದ ರಾತ್ರಿ ಸೋರಿಕೆ ಎದ್ದು ಕಾಣುತ್ತಿತ್ತು. ಭಾನುವಾರ ನಮ್ಮಲ್ಲಿ ಎಣ್ಣೆಸ್ನಾನ. ಸೀಗೆಪುಡಿ ಹಾಕಿ ಎಷ್ಟು ತಿಕ್ಕಿದರೂ ಹಣೆ, ಮೂಗಿನ ಬದಿಗಳಲ್ಲಿ ಉಳಿಯುವ ಕೊಬ್ಬರಿ ಎಣ್ಣೆಯ ಜಿಡ್ಡಿಗೆ ಸಿಲಿಕೋನು ನಿಲ್ಲದೆ ಜಾರುತ್ತಿತ್ತು. ಈಗ ಎಣ್ಣೆಸ್ನಾನ ಬೆಳಿಗ್ಗೆಯೇ ಮುಗಿಯುತ್ತದೆ, ಮಲಗುವ ಮುನ್ನ ಮುಖಕ್ಕೆ ಸಾಬೂನು ತಪ್ಪುವುದಿಲ್ಲ. ಕುಶನ್ನನ್ನೂ ದಿನವೂ ಬೆಳಿಗ್ಗೆ ಉಗುರುಬೆಚ್ಚಗಿನ ನೀರು ಮತ್ತು ಸೌಮ್ಯ ಸಾಬೂನಿನಿಂದ ತೊಳೆದು ನೆರಳಲ್ಲಿ ಆರಿಸುತ್ತೇನೆ. ಇದಕ್ಕೆ ಒಂದು ರೂಪಾಯಿಯೂ ಖರ್ಚಾಗಲಿಲ್ಲ. ಸೋರಿಕೆ ಕಡಿಮೆ ಮಾಡಲು ನಾನು ಕೊಂಡ ಬಟ್ಟೆಯ ಪಟ್ಟಿ, ವಿಶೇಷ ದಿಂಬು ಮೊದಲಾದವುಗಳಿಗಿಂತ ಹೆಚ್ಚು ಫಲ ಕೊಟ್ಟದ್ದೂ ಇದೇ.

ಮೀಸೆಯ ಪ್ರಶ್ನೆ ಇಷ್ಟು ಸುಲಭವಾಗಿರಲಿಲ್ಲ. ಕುಶನ್ನಿನ ಅಂಚು ಕೂದಲಿನ ಮೇಲೆ ಹಾದುಹೋಗುವ ಮಾಸ್ಕಿನಲ್ಲಿ ಸೋರಿಕೆ ಪೂರ್ತಿ ನಿಲ್ಲುವುದು ಕಷ್ಟ. ಮೂವತ್ತು ವರ್ಷದ ಮೀಸೆಯನ್ನು ಬೋಳಿಸುವ ಬದಲು ಎರಡನೆಯ ಮಾಸ್ಕಾಗಿ ಮೂಗಿನ ಹೊಳ್ಳೆಗಳಿಗೆ ಕೂರುವ ಪುಟ್ಟ ದಿಂಬುಗಳ ಮಾದರಿಯನ್ನು ಕೊಂಡೆ. ಹಗುರ, ಕನ್ನಡಕ ಹಾಕಿಕೊಂಡು ಓದಬಹುದು, ಮೀಸೆಗೂ ಅದಕ್ಕೂ ತಕರಾರಿಲ್ಲ. ಆದರೆ ನನ್ನ ಒತ್ತಡ ರಾತ್ರಿಯ ಬಹುಪಾಲು 11ರ ಆಸುಪಾಸಿನಲ್ಲಿರುವುದರಿಂದ ಹೊಳ್ಳೆಗಳು ಒಂದೇ ವಾರದಲ್ಲಿ ಹುಣ್ಣಾದವು. ಕಡಿಮೆ ಒತ್ತಡದವರಿಗೆ ಇದನ್ನು ಧಾರಾಳವಾಗಿ ಶಿಫಾರಸು ಮಾಡುತ್ತೇನೆ.

ಮೂರನೆಯದು ಮೂಗನ್ನು ಮಾತ್ರ ಮುಚ್ಚುವ ಮಾಸ್ಕು, ಅಗಲ ಗಾತ್ರದ್ದು. ಅದರ ಕೆಳಂಚು ಮೇಲ್ದುಟಿಯ ಮೇಲೆಯೇ ಕೂರುವುದರಿಂದ ಮೀಸೆಯನ್ನು ಗೆರೆಯಷ್ಟು ಸಣ್ಣ ಮಾಡಿಕೊಳ್ಳಬೇಕಾಯಿತು. ರಾಜಿ ಎಂದರೆ ಇದೇ. ಅಗಲ ಗಾತ್ರವೂ ನನಗೆ ತಡವಾಗಿ ಸಿಕ್ಕಿದ್ದು. ಮೊದಲು ಕೊಟ್ಟಿದ್ದ ಮಧ್ಯಮ ಗಾತ್ರ ನನ್ನ ಮೂಗಿನ ಬುಡದಲ್ಲಿ ಎರಡೂ ಕಡೆ ಬಾಯಿ ಬಿಡುತ್ತಿತ್ತು. ತಯಾರಕರು ಗಾತ್ರ ಅಳೆಯಲು ಕೊಡುವ ಕಾಗದದ ಅಳತೆಪಟ್ಟಿಯನ್ನು ಮುದ್ರಿಸಿ ಮೂಗಿಗೆ ಹಿಡಿದು ನೋಡಿದ್ದರೆ ಆ ಆರು ಸಾವಿರ ರೂಪಾಯಿ ಉಳಿಯುತ್ತಿತ್ತು. ಮೂಗಿನ ಮಾಸ್ಕಿನಲ್ಲಿ ಅಂಚು ಸೋರದಿದ್ದರೂ ಬಾಯಿ ತೆರೆದರೆ ಗಾಳಿಯೆಲ್ಲ ಅಲ್ಲಿಂದಲೇ ಹೋಗುತ್ತದೆ. ಮೊದಲ ತಿಂಗಳು ಬೆಳಿಗ್ಗೆ ನಾಲಿಗೆ ಒಣಗಿದ ಎಲೆಯಂತಿರುತ್ತಿತ್ತು. ಗದ್ದಕ್ಕೆ ಕಟ್ಟುವ ಪಟ್ಟಿ ನನಗೆ ಉಪಯೋಗವಾಗಲಿಲ್ಲ. ಮೂಗು ಕಟ್ಟಿದ್ದರಿಂದಲೇ ಬಾಯಿ ತೆರೆಯುತ್ತಿದ್ದೆನೆಂದು ಕಿವಿ ಮೂಗು ಗಂಟಲಿನ ವೈದ್ಯರು ಪತ್ತೆಹಚ್ಚಿ, ಧೂಳಿನ ಅಲರ್ಜಿಗೆ ಮೂಗಿನ ಸ್ಪ್ರೇ ಮತ್ತು ಉಪ್ಪುನೀರಿನ ತೊಳೆತ ಹೇಳಿದರು. ಯಂತ್ರ ನೀರು ಕಾಯಿಸಿ ಗಾಳಿಗೆ ಸೇರಿಸುವ ತೇವಾಂಶವನ್ನೂ ಎರಡು ಅಂಕ ಏರಿಸಿದೆ. ಎರಡು ತಿಂಗಳಲ್ಲಿ ಬಾಯಿ ತಾನಾಗಿಯೇ ಮುಚ್ಚಿಕೊಂಡಿತು. ನೆಗಡಿಯಾದ ನಾಲ್ಕೈದು ದಿನಕ್ಕೆಂದು ಮಾತ್ರ ಮೊದಲಿನ ದೊಡ್ಡ ಮಾಸ್ಕನ್ನು ಪೆಟ್ಟಿಗೆಯಲ್ಲಿ ಇಟ್ಟುಕೊಂಡಿದ್ದೇನೆ.

ಮಳೆಗಾಲದ ತೊಂದರೆಗಳು ಬೇರೆ. ಜುಲೈ ರಾತ್ರಿಗಳಲ್ಲಿ ಕೊಠಡಿ ತಣ್ಣಗಿದ್ದು ಒಳಗಿನ ಗಾಳಿ ಬೆಚ್ಚಗಿದ್ದರೆ ಟ್ಯೂಬಿನಲ್ಲಿ ಹನಿಗಟ್ಟಿ ಮೂಗಿಗೆ ನೀರು ಚಿಮ್ಮುತ್ತದೆ. ಬಿಸಿಯಾಗುವ ಟ್ಯೂಬು ತರಿಸುವವರೆಗೆ ಹಳೆಯ ಸ್ವೆಟರಿನ ತೋಳನ್ನು ಟ್ಯೂಬಿಗೆ ತೊಡಿಸಿ ಕಾಲ ಹಾಕಿದೆ. ಕರೆಂಟು ಹೋದಾಗ ಇನ್ವರ್ಟರ್ ಸಾಕಾಗುತ್ತದೆ. ನೀರು ಕಾಯಿಸುವ ಭಾಗವನ್ನು ಬಂದ್ ಮಾಡಿದರೆ ಯಂತ್ರ ತೀರ ಕಡಿಮೆ ವಿದ್ಯುತ್ತಿನಲ್ಲಿ ರಾತ್ರಿಯಿಡೀ ಓಡುತ್ತದೆ. ನೀರಿನ ತೊಟ್ಟಿಗೆ ಔಷಧ ಅಂಗಡಿಯ ಡಿಸ್ಟಿಲ್ಡ್ ವಾಟರನ್ನೇ ಹಾಕುತ್ತೇನೆ. ಓಜೋನ್ ಬಿಟ್ಟು ಶುಚಿಗೊಳಿಸುವ ಪೆಟ್ಟಿಗೆಯನ್ನು ಯಾರಾದರೂ ಮಾರಲು ಬಂದರೆ ಬೇಡವೆನ್ನಿ. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2020ರಲ್ಲೇ ಅಂಥ ಉಪಕರಣಗಳ ಬಗ್ಗೆ ಎಚ್ಚರಿಕೆ ಕೊಟ್ಟಿದೆ, ಸಾಬೂನು ನೀರು ಸಾಕು.

ಖರ್ಚಿನ ಮಾತು. ಯಂತ್ರಕ್ಕೆ 52,000 ರೂಪಾಯಿ, ಮೂರು ಮಾಸ್ಕುಗಳಿಗೂ ಬದಲಿ ಕುಶನ್ನುಗಳಿಗೂ ಸೇರಿ ಇದುವರೆಗೆ 27,000 ಆಗಿದೆ. ಆಸ್ಪತ್ರೆಗೆ ದಾಖಲಾಗದೆ ಕೊಂಡದ್ದೆಂದು ವಿಮಾ ಸಂಸ್ಥೆ ಒಂದು ಪೈಸೆಯನ್ನೂ ಕೊಡಲಿಲ್ಲ. ಕುಶನ್ನು ನನ್ನಲ್ಲಿ ಏಳೆಂಟು ತಿಂಗಳು ಬಾಳುತ್ತದೆ. ಅದು ಹಳದಿಗಟ್ಟಿ ಮೆತ್ತಗಾದಾಗ ಸೋರಿಕೆ ನಿಧಾನವಾಗಿ ಮರಳುತ್ತದೆ. ಮೊದಲ ಸಲ ಅದು ತಿಳಿಯದೆ ಮತ್ತೆ ಪಟ್ಟಿ ಬಿಗಿಯತೊಡಗಿದ್ದೆ.

ಈಗ ಉಸಿರುಕಟ್ಟುವುದು ಗಂಟೆಗೆ ಎರಡು ಮೂರು ಬಾರಿಗೆ ಇಳಿದಿದೆ, ಸೋರಿಕೆ ಬಹುತೇಕ ರಾತ್ರಿ ಹತ್ತು ಲೀಟರಿನೊಳಗಿದೆ. ಮಧ್ಯಾಹ್ನದ ಊಟದ ಬಳಿಕ ಕೌಂಟರಿನಲ್ಲಿ ತೂಕಡಿಸುವುದು ನಿಂತಿದೆ. ಗಾಳಿ ನುಂಗಿ ಹೊಟ್ಟೆ ಉಬ್ಬರಿಸುವುದು ವಾರಕ್ಕೊಮ್ಮೆಯಾದರೂ ಇದ್ದೇ ಇದೆ. ಎಡಮಗ್ಗುಲಿಗೆ ತಿರುಗಿದಾಗ ಟ್ಯೂಬು ಮಂಚದ ಅಂಚಿಗೆ ಸಿಕ್ಕಿ ಮಾಸ್ಕನ್ನು ಎಳೆಯುತ್ತಿತ್ತು. ಅದನ್ನು ಸೊಳ್ಳೆಪರದೆಯ ಹಗ್ಗಕ್ಕೆ ತಲೆಯ ನೇರ ಮೇಲೆ ತೂಗುಹಾಕಿದ ಮೇಲೆ ಅದೂ ನಿಂತಿದೆ. ಬೆಳಿಗ್ಗೆ ಪರದೆ ಮಡಿಸುವಾಗ ಮೊದಲು ಟ್ಯೂಬು ಬಿಚ್ಚಬೇಕೆಂಬುದನ್ನು ಮಾತ್ರ ಇನ್ನೂ ಕೆಲವೊಮ್ಮೆ ಮರೆಯುತ್ತೇನೆ.