ಬೀರುವಿನ ಬೀಗ ತೆಗೆದರೆ ಐದು ಸ್ಟಾರ್: ನಮ್ಮ ಬಡಾವಣೆಯ ಗ್ರಂಥಾಲಯದಲ್ಲಿ ಹನ್ನೊಂದು ಬೇಸಿಗೆ

ದಾವಣಗೆರೆಯ ನಮ್ಮ ಬಡಾವಣೆಯ ಶಾಖಾ ಗ್ರಂಥಾಲಯಕ್ಕೆ ನಾನು ಸದಸ್ಯೆಯಾಗಿದ್ದು 2014ರ ಏಪ್ರಿಲ್‌ನಲ್ಲಿ. ಮಗಳಿಗೆ ಆಗಿನ್ನೂ ಒಂದು ವರ್ಷ. ಮಧ್ಯಾಹ್ನ ಅವಳು ಮಲಗಿದಾಗ ಸಿಗುವ ಒಂದೂವರೆ ಗಂಟೆಗೆ ಏನಾದರೂ ಓದಲು ಬೇಕಿತ್ತು. ಈಗ ಅವಳಿಗೆ ಹನ್ನೆರಡು, ಅವಳ ಹೆಸರಲ್ಲೂ ಟಿಕೆಟ್ ಇದೆ. ಸೇರುವಾಗ ಕಟ್ಟಿದ ಠೇವಣಿ ಬಿಟ್ಟರೆ ಇಷ್ಟು ವರ್ಷದಲ್ಲಿ ನನ್ನ ಕೈಯಿಂದ ಹೋಗಿದ್ದು ತಡವಾದಾಗ ಕಟ್ಟಿದ ಸಣ್ಣಪುಟ್ಟ ದಂಡ ಮಾತ್ರ.

ದುಡ್ಡಿನ ಮಾತು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ನನ್ನ ತೀರ್ಮಾನವೆಲ್ಲ ಅದರ ಮೇಲೇ ನಿಂತಿದೆ. ನಾನು ಮನೆಯಲ್ಲೇ ಬ್ಲೌಸ್ ಹೊಲಿಯುವವಳು. ಅಂಗಡಿಯಲ್ಲಿ ಸ್ವಲ್ಪ ದಪ್ಪ ಕಾದಂಬರಿ ಕೈಗೆತ್ತಿಕೊಂಡರೆ 300, 400 ರೂಪಾಯಿ. ಏಪ್ರಿಲ್, ಮೇ ಎರಡು ತಿಂಗಳಲ್ಲಿ ನಾನೂ ಮಗಳೂ ಸೇರಿ ಇಪ್ಪತ್ತು ಪುಸ್ತಕ ಓದುತ್ತೇವೆ. ಅಷ್ಟನ್ನೂ ಕೊಳ್ಳುವುದು ನಮ್ಮ ಕೈಲಾಗದ ಮಾತು. ಈ ಗ್ರಂಥಾಲಯ ಇಲ್ಲದಿದ್ದರೆ ನಾನು ಮದುವೆಯ ನಂತರ ಓದುವುದನ್ನೇ ಬಿಟ್ಟಿರುತ್ತಿದ್ದೆ.

ಹಾಗಂತ ಇದು ಪುಕ್ಕಟೆಯೂ ಅಲ್ಲ. ಮನೆ ಕಂದಾಯದ ರಸೀದಿ ತೆಗೆದು ನೋಡಿ. ಆರೋಗ್ಯ ಕರ, ಭಿಕ್ಷುಕರ ಕರದ ಸಾಲಿನಲ್ಲೇ ಗ್ರಂಥಾಲಯ ಕರ ಅಂತ ಇರುತ್ತದೆ, ತೆರಿಗೆಯ ನೂರಕ್ಕೆ ಆರರಂತೆ. 1965ರ ಗ್ರಂಥಾಲಯ ಕಾಯ್ದೆಯಿಂದ ಬಂದ ಏರ್ಪಾಡು ಅದು. 3,200 ರೂಪಾಯಿ ತೆರಿಗೆ ಕಟ್ಟುವ ಮನೆಯಿಂದ ವರ್ಷಕ್ಕೆ 192 ರೂಪಾಯಿ ಪುಸ್ತಕಗಳಿಗೆ ಅಂತ ಹೋಗುತ್ತದೆ. ಗ್ರಂಥಾಲಯದ ಮೆಟ್ಟಿಲು ಹತ್ತದವರೂ ಕಟ್ಟುತ್ತಿದ್ದಾರೆ. ನಾನು ಇಲ್ಲಿ ದೂರುವುದಿದ್ದರೆ ಆ ಹಕ್ಕಿನಿಂದಲೇ.

ಬೇಸಿಗೆಯಲ್ಲಿ ಐದು ಗಂಟೆಗೆ ಬಿಸಿಲು ಸ್ವಲ್ಪ ಇಳಿಯುತ್ತದೆ. ಮದುವೆ ಸೀಸನ್ ಆದ್ದರಿಂದ ಕೆಲಸ ರಾಶಿ ಬಿದ್ದಿರುತ್ತದೆ, ಆದರೂ ಮೆಷಿನ್‌ಗೆ ಮುಸುಕು ಹಾಕಿ, ಓದಿ ಮುಗಿಸಿದ್ದನ್ನು ಬಟ್ಟೆ ಚೀಲಕ್ಕಿಟ್ಟುಕೊಂಡು ಇಬ್ಬರೂ ಹೊರಡುತ್ತೇವೆ. ಏಳೆಂಟು ನಿಮಿಷದ ದಾರಿ. ಒಳಗೆ ಹೋದ ಕೂಡಲೇ ನ್ಯಾಫ್ತಲೀನ್ ಗುಳಿಗೆ ಮತ್ತು ಹಳೇ ಕಾಗದದ ವಾಸನೆ. ಉದ್ದ ಮೇಜಿನ ಎರಡೂ ಕಡೆ ಪಿಡಿಒ, ಪೊಲೀಸ್ ಪರೀಕ್ಷೆಗೆ ಓದುವ ಹುಡುಗ ಹುಡುಗಿಯರು. ಕಿಟಕಿ ಪಕ್ಕ ಪೇಪರ್ ಓದುವ ಹಿರಿಯರು. ಮೇಲೆ ಎರಡು ಫ್ಯಾನ್.

ನನಗೆ ತುಂಬ ಇಷ್ಟವಾದದ್ದು ಪುಸ್ತಕ ಕೊಡುವ ರೀತಿ. ಇಲ್ಲಿ ಇನ್ನೂ ಕಂಪ್ಯೂಟರ್ ಬಂದಿಲ್ಲ. ಹಿಂದಿನ ರಟ್ಟಿನ ಒಳಗೆ ಅಂಟಿಸಿದ ಕಾಗದದ ಜೇಬಿನಿಂದ ಪುಸ್ತಕದ ಕಾರ್ಡು ತೆಗೆಯುತ್ತಾರೆ. ಅದನ್ನು ನನ್ನ ಹೆಸರು ಬರೆದ ಪುಟ್ಟ ಲಕೋಟೆಯಂಥ ಟಿಕೆಟ್‌ನೊಳಗೆ ಸೇರಿಸಿ, ಮರದ ತಟ್ಟೆಯಲ್ಲಿ ವಾಪಸಾತಿ ದಿನಾಂಕದ ಹಿಂದೆ ನಿಲ್ಲಿಸುತ್ತಾರೆ. ಪುಸ್ತಕ ನಮ್ಮ ಮನೆಯಲ್ಲಿರುವ ಹದಿನೈದು ದಿನವೂ ಅದರ ಕಾರ್ಡು ಅಲ್ಲಿ ನನ್ನ ಹೆಸರಿನ ಮಡಿಲಲ್ಲಿ ಕೂತಿರುತ್ತದೆ. ಆಮೇಲೆ ನೇರಳೆ ಶಾಯಿಯ ಪ್ಯಾಡಿಗೆ ಒಮ್ಮೆ, ಪುಸ್ತಕದೊಳಗೆ ಅಂಟಿಸಿದ ದಿನಾಂಕದ ಚೀಟಿಗೆ ಒಮ್ಮೆ, ಟಕ್ ಟಕ್ ಅಂತ ಮುದ್ರೆ. ಮಗಳು ಚಿಕ್ಕವಳಿದ್ದಾಗ ಆ ಸದ್ದು ಕೇಳುವುದಕ್ಕೇ ಕೌಂಟರ್ ಅಂಚು ಹಿಡಿದು ತುದಿಗಾಲಲ್ಲಿ ನಿಲ್ಲುತ್ತಿದ್ದಳು.

ಪುಟದ ಗುರುತಿಗೆ ನಾನು ಇಡುವುದು ದಾರದ ತುಂಡು. ಮೆಷಿನ್ ಪಕ್ಕದಲ್ಲಿ ಸದಾ ಬಿದ್ದಿರುತ್ತದೆ, ಎಲೆ ಮಡಿಸುವ ಪಾಪವೂ ಇಲ್ಲ.

ಆ ದಾರವೇ ನನ್ನನ್ನು ಈ ವಿಮರ್ಶೆ ಬರೆಯಲು ಕೂರಿಸಿದ್ದು.

ಈ ಬೇಸಿಗೆಯಲ್ಲಿ, ಹಿಂದೊಮ್ಮೆ ಓದಿ ಬಹಳ ಮೆಚ್ಚಿದ್ದ ಕಾದಂಬರಿಯೊಂದನ್ನು ಮತ್ತೆ ಕೇಳಿದೆ. ಕೀಲಿ ತಂದು, ಗಾಜಿನ ಬೀರು ತೆಗೆದು ಕೊಟ್ಟರು. ಮನೆಗೆ ಬಂದು ಬಿಡಿಸಿದರೆ ನೂರನೇ ಪುಟದ ಹತ್ತಿರ ಮೆರೂನ್ ದಾರ. ನನ್ನದೇ. ಹಿಂದೆ ತಿರುಗಿಸಿ ಚೀಟಿ ನೋಡಿದೆ. ಕೊನೆಯ ಮುದ್ರೆ 2019ರ ಮೇ ತಿಂಗಳದ್ದು, ಅದೂ ನನ್ನದೇ. ಇಷ್ಟು ವರ್ಷ ಆ ಪುಸ್ತಕವನ್ನು ಒಬ್ಬರೂ ಮನೆಗೆ ಒಯ್ದಿಲ್ಲ. ನನ್ನ ದಾರ ಒಂದು ಪುಟ ಆಚೀಚೆ ಆಗದೆ ಅಲ್ಲೇ ಮಲಗಿತ್ತು. ಆ ರಾತ್ರಿ ಓದಲು ಮನಸ್ಸಾಗಲಿಲ್ಲ.

ಪುಸ್ತಕ ಕೆಟ್ಟದ್ದಾಗಿದ್ದರೆ ಸುಮ್ಮನಾಗುತ್ತಿದ್ದೆ. ಅದು ಒಮ್ಮೆ ಹಿಡಿದರೆ ಬಿಡಿಸಲಾಗದ ಪುಸ್ತಕ. ತೊಂದರೆ ಇರುವುದು ಬೀಗದಲ್ಲಿ. ನಮ್ಮ ಶಾಖೆಯಲ್ಲಿ ಎಲ್ಲರ ಕೈಗೆ ಸಿಗುವಂತೆ ತೆರೆದಿಟ್ಟಿರುವುದು ಎರಡೇ ರ‍್ಯಾಕ್, ಒಂದರಲ್ಲಿ ಪರೀಕ್ಷೆಯ ಗೈಡುಗಳು, ಇನ್ನೊಂದರಲ್ಲಿ ಬೈಂಡು ಬಿಟ್ಟ ಮಕ್ಕಳ ಪುಸ್ತಕಗಳು. ಕಾದಂಬರಿ, ಕತೆ, ಪ್ರವಾಸ, ಆತ್ಮಕತೆ, ವಿಜ್ಞಾನ ಎಲ್ಲವೂ ಗೋಡೆಯುದ್ದಕ್ಕೂ ಬೀಗ ಹಾಕಿದ ಬೀರುಗಳಲ್ಲಿ. ಗಾಜಿನ ಮೇಲೆ ಧೂಳು, ಬೆನ್ನಿನ ಅಕ್ಷರ ಅರ್ಧ ಮಾಸಿದೆ. ಹೆಸರು ಹೇಳಿ ಕೇಳಿದರೆ ತೆಗೆದು ಕೊಡುತ್ತಾರೆ. ಆದರೆ ಹೆಸರು ಗೊತ್ತಿಲ್ಲದ ಪುಸ್ತಕವನ್ನು ಕೇಳುವುದು ಹೇಗೆ? ರಜೆಯಲ್ಲಿ ಬರುವ ಮಗು ಯಾವ ಹೆಸರು ಹೇಳೀತು? ಬೇಸಿಗೆಯ ಓದಿನ ಸುಖವೇ ಏನೋ ಹುಡುಕುತ್ತಾ ಹೋಗಿ ಇನ್ನೇನೋ ಎತ್ತಿಕೊಂಡು ಬರುವುದರಲ್ಲಿದೆ. ಅಲ್ಲೇ ನಿಂತು ನಾಲ್ಕು ಪುಟ ಓದಿ, ಹಿಡಿಸದಿದ್ದರೆ ಇಟ್ಟು, ಪಕ್ಕದ್ದನ್ನು ತೆಗೆಯುವುದರಲ್ಲಿದೆ.

ಗ್ರಂಥಾಲಯ ವಿಜ್ಞಾನದ ಎಸ್.ಆರ್. ರಂಗನಾಥನ್ 1931ರಲ್ಲೇ ಬರೆದ ಐದು ಸೂತ್ರಗಳಲ್ಲಿ ಮೂರನೆಯದು, ಪ್ರತಿ ಪುಸ್ತಕಕ್ಕೂ ಅದರ ಓದುಗ ಸಿಗಬೇಕು ಎನ್ನುವುದು. ಅದಕ್ಕೆ ಅವರು ಮೊದಲು ಹೇಳುವ ಉಪಾಯವೇ ಕಪಾಟು ತೆರೆದಿಡುವುದು. ತಮ್ಮ ಕೊನೆಯ ವರ್ಷಗಳನ್ನು ಬೆಂಗಳೂರಿನಲ್ಲಿ ಕಳೆದವರು ಅವರು, ಅಲ್ಲೇ 1962ರಲ್ಲಿ ಗ್ರಂಥಪಾಲಕರಿಗಾಗಿ ತರಬೇತಿ ಕೇಂದ್ರವನ್ನೂ ಕಟ್ಟಿದರು. ಅವರ ಫೋಟೋ ನಮ್ಮ ಶಾಖೆಯ ಗೋಡೆಯಲ್ಲೂ ಇದೆ, ಬೀಗ ಹಾಕಿದ ಬೀರುವಿನ ನೆತ್ತಿಯ ಮೇಲೆ. ಅದನ್ನು ನೋಡಿದಾಗಲೆಲ್ಲ ನನಗೆ ಸಂಕಟವಾಗುತ್ತದೆ.

ಮರುದಿನ ದಾರವನ್ನೂ ಚೀಟಿಯನ್ನೂ ತೋರಿಸಿ ಸ್ವಲ್ಪ ಬಿರುಸಾಗಿಯೇ ಕೇಳಿದೆ. ಗ್ರಂಥಾಲಯದವರು ಸಿಟ್ಟಾಗಲಿಲ್ಲ. ಕುರ್ಚಿ ಎಳೆದು ಕೂರಿಸಿದರು. ಒಂದೊಂದು ಪುಸ್ತಕಕ್ಕೂ ದಾಖಲಾತಿ ಸಂಖ್ಯೆ ಇರುತ್ತದೆ, ಸ್ಟಾಕ್ ಪರಿಶೀಲನೆಯಲ್ಲಿ ಕಡಿಮೆ ಬಂದರೆ ಜವಾಬ್ದಾರಿ ನಮ್ಮ ತಲೆಗೆ ಬರುತ್ತದೆ ಅಂದರು. ಅವರಿಗಿಂತ ಹಿಂದೆ ಇದ್ದವರು ಕೈಯಿಂದ ದುಡ್ಡು ಕಟ್ಟಿ ಹೋದರಂತೆ. ಇರುವುದು ಇವರೊಬ್ಬರೇ. ಕೌಂಟರ್, ಪೇಪರ್ ಜೋಡಣೆ, ಕಸ, ಬಾಗಿಲು ಎಲ್ಲ ಅವರದೇ. ಬೀರು ತೆರೆದಿಟ್ಟರೆ ಕಾಯುವವರು ಯಾರು?

ನನ್ನ ಬಿರುಸು ಅಲ್ಲಿಗೆ ಇಳಿಯಿತು. ಅವರ ಜಾಗದಲ್ಲಿ ನಾನಿದ್ದಿದ್ದರೂ ಬೀಗವನ್ನೇ ಹಾಕುತ್ತಿದ್ದೆನೋ ಏನೋ. ಕೇಂದ್ರ ಸರ್ಕಾರದ ಹಣಕಾಸು ನಿಯಮಗಳಲ್ಲಿ, ವರ್ಷಕ್ಕೆ ಓದಲು ಕೊಟ್ಟ ಸಾವಿರ ಪುಸ್ತಕಕ್ಕೆ ಐದು ಕಳೆದರೆ ಅದು ಸಹಜ ನಷ್ಟ ಎಂದಿದೆ, ಮೋಸ ಅಥವಾ ನಿರ್ಲಕ್ಷ್ಯದಿಂದ ಆಗಿರಬಾರದು ಅಷ್ಟೇ. ಅದು ಕೇಂದ್ರದ ಗ್ರಂಥಾಲಯಗಳಿಗೆ ಬರೆದ ನಿಯಮ. ಆದರೆ ಅದರ ಹಿಂದಿನ ವಿವೇಕ ಬಡಾವಣೆಯ ಶಾಖೆಗೂ ಬೇಕು. ಸಾವಿರದಲ್ಲಿ ಐದು ಕಳೆದರೆ 995 ಉಳಿಯುತ್ತವೆ. ಬೀಗ ಹಾಕಿದರೆ ಲೆಕ್ಕದಲ್ಲಿ ಸಾವಿರವೂ ಇರುತ್ತವೆ, ಮುದ್ರೆ ಬೀಳುವುದು ಎಷ್ಟಕ್ಕೆ?

ಇನ್ನು ಸಣ್ಣ ದೂರುಗಳು. ಬೆಳಿಗ್ಗೆ 11.30ಕ್ಕೆ ಮುಚ್ಚಿದರೆ ಮತ್ತೆ ತೆರೆಯುವುದು ಸಂಜೆ 4ಕ್ಕೆ. ಮಕ್ಕಳು ಬಿಸಿಲಿಗೆ ಮನೆಯೊಳಗೇ ಇರುವ ಹೊತ್ತಿನಲ್ಲಿ ಇಲ್ಲಿಯೂ ಬಾಗಿಲು ಹಾಕಿರುತ್ತದೆ. ಕುಡಿಯುವ ನೀರು ಮನೆಯಿಂದಲೇ ತನ್ನಿ. ಹೊಸ ಪುಸ್ತಕಗಳ ಕಟ್ಟು ಬಂದರೆ ಜನರ ಕೈಗೆ ಸಿಗಲು ತಿಂಗಳುಗಟ್ಟಲೆ ಹಿಡಿಯುತ್ತದೆ.

ಒಟ್ಟು ಐದಕ್ಕೆ ಮೂರೂವರೆ ಕೊಡುತ್ತೇನೆ. ಒಂದು ಬೀರು, ಬರೀ ಒಂದು, ಏಪ್ರಿಲ್ ಹತ್ತರಿಂದ ಮೇ ಕೊನೆಯವರೆಗೆ ತೆರೆದಿಡಿ ಅಂತ ಅರ್ಜಿ ಬರೆದು, ಓಣಿಯ ಹದಿನಾಲ್ಕು ಜನರ ಸಹಿ ಹಾಕಿಸಿ ಕೊಟ್ಟಿದ್ದೇನೆ. ಸರದಿಯಲ್ಲಿ ಒಬ್ಬೊಬ್ಬರು ಸಂಜೆ ಕೂತು ಕಾಯುತ್ತೇವೆ ಅಂತಲೂ ಅದರಲ್ಲಿ ಬರೆದಿದ್ದೇವೆ. ಮೇಲಿನವರಿಂದ ಉತ್ತರ ಬಂದಿಲ್ಲ.

ಹೊಸದಾಗಿ ಸೇರುವವರಿಗೆ ನಾನು ಕಂಡುಕೊಂಡ ಒಂದು ದಾರಿ ಹೇಳುತ್ತೇನೆ. ಸೋಮವಾರ ರಜೆ. ಭಾನುವಾರ ವಾಪಸ್ ಬಂದ ಪುಸ್ತಕಗಳು ಮಂಗಳವಾರ ಸಂಜೆಯವರೆಗೂ ಕೌಂಟರ್ ಪಕ್ಕದ ಸ್ಟೂಲಿನ ಮೇಲೆಯೇ ಇರುತ್ತವೆ, ಬೀರು ಸೇರಿರುವುದಿಲ್ಲ. ಮಂಗಳವಾರ ಸರಿಯಾಗಿ ನಾಲ್ಕಕ್ಕೆ ಹೋಗಿ ಆ ರಾಶಿಗೆ ಕೈ ಹಾಕಿ, ಯಾರೂ ಬೇಡ ಅನ್ನುವುದಿಲ್ಲ. ಮಗಳಿಗೆ ಹಾವುಗಳ ಬಗೆಗಿನ ಪುಸ್ತಕ ಸಿಕ್ಕಿದ್ದು ಅಲ್ಲೇ. ಮನೆಯ ಹಿಂದಿನ ಬೇಲಿಯಲ್ಲಿ ಕಾಣುವುದು ಕೇರೆ ಹಾವು, ಅದಕ್ಕೆ ವಿಷವಿಲ್ಲ ಅಂತ ಈಗ ಓಣಿಯವರಿಗೆಲ್ಲ ಅವಳೇ ಹೇಳುತ್ತಾಳೆ.

ನಾನು ಆ ಕಾದಂಬರಿಯನ್ನು ಭಾನುವಾರ ರಾತ್ರಿ ಎಂಟಕ್ಕೆ ಐದು ನಿಮಿಷ ಇದ್ದಾಗ ವಾಪಸ್ ಕೊಟ್ಟೆ, ಸ್ಟೂಲಿನ ಮೇಲೆ ಎಲ್ಲಕ್ಕಿಂತ ಮೇಲೆ ಬರಲಿ ಅಂತ. ದಾರ ತೆಗೆದುಬಿಟ್ಟಿದ್ದೆ.