ಮಕ್ಕಳ ಜೊತೆ ಬೆಂಗಳೂರಿನ ಕಲಾ ಮ್ಯೂಸಿಯಂಗಳು: ಏಳು ವರ್ಷ ಓಡಾಡಿದ ಮೇಲೆ

ಮೊದಲೇ ಹೇಳಿಬಿಡುತ್ತೇನೆ, ನನಗೆ ಚಿತ್ರ ಬಿಡಿಸಲು ಬರುವುದಿಲ್ಲ. ಎರಡು ಗುಡ್ಡ, ನಡುವೆ ಸೂರ್ಯ, ಮುಂದೆ ಒಂದು ಗುಡಿಸಲು, ಪಕ್ಕದಲ್ಲಿ ತೆಂಗಿನಮರ. ಸ್ಕೂಲಿನಲ್ಲಿ ಕಲಿತದ್ದು ಅಷ್ಟೇ, ಇವತ್ತು ಪೆನ್ಸಿಲ್ ಹಿಡಿದರೂ ಅದೇ ಬರುತ್ತದೆ. ಹಾಗಾಗಿ ಇದನ್ನು ಕಲೆ ಗೊತ್ತಿರುವವರ ವಿಮರ್ಶೆ ಅಂದುಕೊಳ್ಳಬೇಡಿ. ರಾಜಾಜಿನಗರದಿಂದ ಇಬ್ಬರು ಮಕ್ಕಳನ್ನೂ, ಮನಸ್ಸು ಬಂದಾಗ ಅತ್ತೆಯನ್ನೂ ಕಟ್ಟಿಕೊಂಡು ಹೊರಡುವ ಒಬ್ಬ ಅಮ್ಮನ ಅನುಭವ ಇದು.

ಶುರುವಾಗಿದ್ದು 2019ರ ಜನವರಿಯಲ್ಲಿ, ಚಿತ್ರಸಂತೆಯಿಂದ. ಚಿತ್ರಕಲಾ ಪರಿಷತ್ತು ವರ್ಷಕ್ಕೊಮ್ಮೆ ನಡೆಸುವ ಸಂತೆ, ಆ ಒಂದು ದಿನ ಕುಮಾರಕೃಪಾ ರಸ್ತೆ ತುಂಬ ಬರೀ ಚಿತ್ರ. ಒಳ್ಳೆಯ ಶುರು ಅಲ್ವಾ ಎಂದುಕೊಂಡು ಆರು ವರ್ಷದ ಮಗಳನ್ನು ಕರೆದುಕೊಂಡು ಹನ್ನೊಂದೂವರೆಗೆ ತಲುಪಿದೆ. ಅದೇ ನಾನು ಮಾಡಿದ ತಪ್ಪು. ಅಷ್ಟು ಹೊತ್ತಿಗೆ ಕಾಲಿಡಲು ಜಾಗ ಇರಲಿಲ್ಲ. ನನಗೆ ಚಿತ್ರಗಳು ಕಂಡವು, ಅವಳಿಗೆ ಕಂಡಿದ್ದು ಜನರ ಸೊಂಟ, ವ್ಯಾನಿಟಿ ಬ್ಯಾಗು. ಕೊನೆಗೆ ಫುಟ್‌ಪಾತಿನಲ್ಲಿ ಕೂತಿದ್ದ ಕಲಾವಿದರೊಬ್ಬರು ಹತ್ತು ನಿಮಿಷದಲ್ಲಿ ಅವಳ ಮುಖ ಬರೆದುಕೊಟ್ಟರು. ಮನೆ ತಲುಪುವ ತನಕ ಆ ಹಾಳೆಯನ್ನು ಕೈಯಿಂದ ಬಿಡಲಿಲ್ಲ. "ಅಮ್ಮ, ನನ್ನ ಹಲ್ಲು ಬಿದ್ದಿರೋದನ್ನೂ ನೋಡಿ ಬರೆದಿದ್ದಾರೆ!" ಅದು ಈಗಲೂ ನಮ್ಮ ಫ್ರಿಜ್ ಮೇಲಿದೆ. ಚಿಕ್ಕ ಮಕ್ಕಳಿದ್ದರೆ ಸಂತೆಗೆ ಬೆಳಿಗ್ಗೆ ತಿಂಡಿ ಆದ ಕೂಡಲೇ ಹೋಗಿ, ಬಿಸಿಲು ಏರುವ ಮುಂಚೆ ವಾಪಸ್ ಬನ್ನಿ.

ಸಂತೆ ದಿನ ಚಿತ್ರಕಲಾ ಪರಿಷತ್ತಿನ ಒಳಗಿನ ಗ್ಯಾಲರಿ ನೋಡುವ ಯೋಚನೆ ಬಿಟ್ಟುಬಿಡಿ. ಅದಕ್ಕೆ ಬೇರೆ ದಿನ ಬೇಕು, ನಿಧಾನ ಬೇಕು. 1960ರಲ್ಲಿ ಶುರುವಾದ ಸಂಸ್ಥೆ ಇದು, ಕಟ್ಟಿದವರು ಎಂ.ಎಸ್. ನಂಜುಂಡರಾಯರು. ತೊಗಲುಗೊಂಬೆ, ಮೈಸೂರು ಶೈಲಿಯ ಚಿತ್ರ, ರಷ್ಯಾದ ಕಲಾವಿದರಾದ ರೋರಿಕ್ ಅಪ್ಪ-ಮಗ ಬರೆದ ಚಿತ್ರಗಳು, ಎಲ್ಲ ಒಂದೇ ಕಡೆ ಇವೆ. ಅಪ್ಪ ರೋರಿಕ್ ಬರೆದ ಹಿಮಾಲಯದ ನೀಲಿ ಮಕ್ಕಳಿಗೆ ಇಷ್ಟವಾಯಿತು. ಅತ್ತೆಗೆ ಇಷ್ಟವಾಗಿದ್ದು ಬೇರೆ ಕಾರಣಕ್ಕೆ. ಮಗ ರೋರಿಕ್ ಮದುವೆಯಾಗಿದ್ದು ನಟಿ ದೇವಿಕಾರಾಣಿಯವರನ್ನು, ಇಬ್ಬರೂ ಕನಕಪುರ ರಸ್ತೆಯ ತಾತಗುಣಿ ಎಸ್ಟೇಟಿನಲ್ಲಿದ್ದರು ಎಂದು ಹೇಳಿದ ಮೇಲೆ ಆ ಕೋಣೆಯಿಂದ ಅವರನ್ನು ಹೊರಡಿಸುವುದೇ ಕಷ್ಟವಾಯಿತು.

ಆದರೆ ಆ ದಿನ ನಿಜವಾಗಿ ನಡೆದದ್ದು ತೊಗಲುಗೊಂಬೆಗಳ ಮುಂದೆ. ನಮ್ಮತ್ತೆ ಬಳ್ಳಾರಿ ಕಡೆಯವರು. ಗೊಂಬೆಗಳನ್ನು ನೋಡಿ ಸ್ವಲ್ಪ ಹೊತ್ತು ಸುಮ್ಮನೆ ನಿಂತರು. ಆಮೇಲೆ, "ಹಿಂಗಲ್ಲವಾ ಇದನ್ನ ನೋಡೋದು. ಹಿಂದ ದೀಪ ಇರಬೇಕು, ಮುಂದ ಕತ್ತಲಿ ಇರಬೇಕು" ಅಂದರು. ಅಷ್ಟೇ, ಮಕ್ಕಳು ನನ್ನ ಕೈ ಬಿಟ್ಟು ಅಜ್ಜಿಯ ಹಿಂದೆ ಹೋದರು. ಊರಿಗೆ ತೊಗಲುಗೊಂಬೆ ಆಡಿಸುವ ಕಿಳ್ಳೇಕ್ಯಾತರು ಬರುತ್ತಿದ್ದದ್ದು, ಬಿಳಿ ಪಂಚೆ ಕಟ್ಟಿ ಪರದೆ ಮಾಡುತ್ತಿದ್ದದ್ದು, ಹರಳೆಣ್ಣೆ ದೀಪ, ಮಳೆ ಬಾರದ ವರ್ಷ ಆಟ ಆಡಿಸುತ್ತಿದ್ದದ್ದು, ಎಲ್ಲ ಹೇಳಿದರು. ಚರ್ಮವನ್ನು ಕೆರೆದು ಕೆರೆದು ಬೆಳಕು ದಾಟುವಷ್ಟು ತೆಳ್ಳಗೆ ಮಾಡುತ್ತಾರೆ. ಒಡವೆ ಇರುವ ಕಡೆ ಸಣ್ಣ ಸಣ್ಣ ತೂತು ಹೊಡೆದಿರುತ್ತಾರೆ. ಹಿಂದೆ ದೀಪ ಬಂದರೆ ಆ ತೂತುಗಳೇ ಮಿನುಗುವ ಮುತ್ತು. ಹದಿನೈದು ವರ್ಷದ ಸಂಸಾರದಲ್ಲಿ ಇದನ್ನೆಲ್ಲ ಅವರು ನನಗೆ ಒಮ್ಮೆಯೂ ಹೇಳಿರಲಿಲ್ಲ. ನಾನು ಕೇಳಿರಲೂ ಇಲ್ಲ.

ಮನೆಗೆ ಬಂದ ಮೇಲೆ ಹಳೇ ಕ್ಯಾಲೆಂಡರಿನ ಹಾಳೆ ಕತ್ತರಿಸಿ ಗೊಂಬೆ ಮಾಡುವ ಕೆಲಸ ಶುರುವಾಯಿತು. ಮೊದಲ ಗೊಂಬೆ ಕೆಟ್ಟಿತು. ಹಾಳೆಗೆ ಮೊದಲೇ ಎಣ್ಣೆ ಸವರಿದ್ದರಿಂದ ಸ್ಕೆಚ್‌ಪೆನ್ನು ಹಿಡಿಯಲೇ ಇಲ್ಲ. ಮೊದಲು ಬಣ್ಣ ಹಚ್ಚಿ, ಪೂರ್ತಿ ಒಣಗಿದ ಮೇಲೆ ಎಣ್ಣೆ ಸವರಬೇಕು. ಆಗ ಹಾಳೆ ಗಾಜಿನ ಹಾಗೆ ಆಗುತ್ತದೆ. ಲೈಟ್ ಆರಿಸಿ, ನನ್ನ ಹಳೇ ವೇಲ್ ಕಟ್ಟಿ, ಹಿಂದೆ ಮೊಬೈಲ್ ಟಾರ್ಚ್ ಹಿಡಿದರೆ ರಾವಣ ರೆಡಿ. ಹತ್ತು ತಲೆ ಬರೆಯಲು ಜಾಗ ಸಾಲದೆ ಏಳಕ್ಕೇ ನಿಲ್ಲಿಸಿದ್ದರು. ನಮ್ಮ ಫ್ಯಾಮಿಲಿ ಪ್ರೋಗ್ರಾಂ ಇದೇ. ಇದಕ್ಕೆ ಯಾರೂ ಫೀಸು ತಗೊಳ್ಳಲಿಲ್ಲ.

ಎರಡನೆಯದು ಅರಮನೆ ರಸ್ತೆಯ ನ್ಯಾಷನಲ್ ಗ್ಯಾಲರಿ ಆಫ್ ಮಾಡರ್ನ್ ಆರ್ಟ್. ನಾವು ಮನೆಯಲ್ಲಿ 'ಮಾಣಿಕ್ಯವೇಲು' ಅನ್ನುತ್ತೇವೆ, ಅದು ಗಣಿ ಉದ್ಯಮಿ ಮಾಣಿಕ್ಯವೇಲು ಮೊದಲಿಯಾರರ ಹಳೇ ಬಂಗಲೆ. ಗ್ಯಾಲರಿಯಾಗಿ ತೆರೆದದ್ದು 2009ರ ಫೆಬ್ರವರಿ 18ರಂದು. ದೊಡ್ಡವರಿಗೆ 20 ರೂಪಾಯಿ, ಮಕ್ಕಳಿಗೆ ಉಚಿತ. ಇಷ್ಟು ದುಡ್ಡಿಗೆ ಈ ಊರಿನಲ್ಲಿ ಒಂದು ಪ್ಲೇಟ್ ಇಡ್ಲಿ ಸಿಗುವುದೂ ಅನುಮಾನ. ಒಳಗೆ ದೊಡ್ಡ ದೊಡ್ಡ ಮರಗಳು, ನೆರಳು, ಹಳೇ ಬಂಗಲೆಗೆ ಸೇರಿದ ಹಾಗೆ ಹೊಸ ಕಟ್ಟಡ. ಚಿತ್ರ ನೋಡದಿದ್ದರೂ ಸುಮ್ನೆ ಕೂತು ಬರಬಹುದು.

ಇಲ್ಲೂ ಮೊದಲ ಸಲ ನಾನೇ ಎಡವಟ್ಟು ಮಾಡಿದೆ. ಟಿಕೆಟ್ ತಗೊಂಡ ಮೇಲೆ ಎಲ್ಲ ನೋಡಬೇಕು ಅನ್ನುವ ಮಧ್ಯಮ ವರ್ಗದ ಬುದ್ಧಿ. ಒಂದೂ ಮುಕ್ಕಾಲು ಗಂಟೆ ಎಳೆದಾಡಿದೆ. ಎರಡೂವರೆ ವರ್ಷದ ಮಗ ತಣ್ಣಗಿನ ನೆಲ ನೋಡಿ ಅಂಗಾತ ಮಲಗಿಬಿಟ್ಟ. ಕಾವಲಿಗಿದ್ದವರು ಬಂದು ನೋಡಿ, ನಕ್ಕು, ಹೋದರು. ಅವತ್ತಿನಿಂದ ನಮ್ಮ ಮನೆಯ ಕಾನೂನು ಬದಲಾಯಿತು. ನಲವತ್ತು ನಿಮಿಷ, ಒಂದೇ ಕೋಣೆ, ಒಬ್ಬೊಬ್ಬರಿಗೆ ಒಂದೇ ಚಿತ್ರ. ಆರಿಸಿಕೊಂಡ ಚಿತ್ರದ ಮುಂದೆ ಐದು ನಿಮಿಷ ನಿಲ್ಲಬೇಕು. ಆಮೇಲೆ ಹೊರಗೆ ಮರದ ಕೆಳಗೆ ಕೂತು, ನೆನಪಿನಿಂದ ಬರೆಯಬೇಕು. ಒಳಗೆ ಹೋಗಿ ಮತ್ತೆ ನೋಡುವ ಹಾಗಿಲ್ಲ.

ಐದು ನಿಮಿಷ ಒಂದೇ ಚಿತ್ರದ ಮುಂದೆ ನಿಂತು ನೋಡಿ, ಎಷ್ಟು ಉದ್ದ ಅಂತ ಗೊತ್ತಾಗುತ್ತದೆ. ಮೊದಲ ನಿಮಿಷ ಬೋರು. ಎರಡನೇ ನಿಮಿಷಕ್ಕೆ ಕಾಲು ನೋವು. ಮೂರನೇ ನಿಮಿಷದಿಂದ ಏನೋ ಕಾಣಿಸಲು ಶುರುವಾಗುತ್ತದೆ. ಬಂಗಾಳದ ಚಿತ್ರಕಾರ ಜಾಮಿನಿ ರಾಯ್ ಅವರ ಚಿತ್ರದ ಮುಂದೆ ನಿಂತು ಮಗಳು, "ಇವರೆಲ್ಲರ ಕಣ್ಣು ಕಿವಿ ತನಕ ಇದೆ, ಆದ್ರೆ ಯಾರೂ ನಮ್ಮನ್ನ ನೋಡ್ತಾ ಇಲ್ಲ" ಅಂದಳು. ನಾನು ಅಲ್ಲಿಯ ತನಕ ಸೀರೆಯ ಬಣ್ಣ ಮಾತ್ರ ನೋಡಿದ್ದೆ. ಮಗ ದೊಡ್ಡವನಾದ ಮೇಲೆ ಅವನೂ ಈ ಆಟಕ್ಕೆ ಸೇರಿದ. ಅವನು ಹೊರಗೆ ಕೂತು ಶ್ರದ್ಧೆಯಿಂದ ಬಿಡಿಸಿದ ಮೊದಲ ಕಲಾಕೃತಿ, ಮೂಲೆಯಲ್ಲಿ ನೇತುಹಾಕಿದ್ದ ಕೆಂಪು ಫೈರ್ ಎಕ್ಸ್‌ಟಿಂಗ್ವಿಷರ್. ಬಣ್ಣ ಎಲ್ಲದಕ್ಕಿಂತ ಚೆನ್ನಾಗಿತ್ತಂತೆ.

ಈಗ ಕ್ಲಾಸುಗಳ ವಿಷಯ. ಕೋವಿಡ್ ಮುಗಿದ ಮೇಲೆ ಎಲ್ಲ ಅಪ್ಪ-ಅಮ್ಮಂದಿರ ಹಾಗೆ ನನಗೂ ಮಗು ಏನಾದರೂ 'ಕಲಿಯಲಿ' ಅನಿಸಿತು. ಒಂದು ಕಡೆ ಹತ್ತು ಶನಿವಾರದ ಚಿತ್ರಕಲೆ ಕ್ಲಾಸಿಗೆ ಸೇರಿಸಿದೆ. ಹೆಸರು ಬೇಡ, ಇಲ್ಲಿ ಹೇಳುತ್ತಿರುವ ಮೂರು ಮ್ಯೂಸಿಯಂಗಳಲ್ಲಿ ಯಾವುದೂ ಅಲ್ಲ. ಹತ್ತರಲ್ಲಿ ಮೂರು ಕ್ಲಾಸು ನಡೆಯಲೇ ಇಲ್ಲ, ದುಡ್ಡೂ ವಾಪಸ್ ಬರಲಿಲ್ಲ. ಅದು ಹಾಳಾಗಿ ಹೋಗಲಿ. ಕೊನೆಯ ದಿನ ಗೋಡೆಗೆ ಇಪ್ಪತ್ತು ನವಿಲು ಅಂಟಿಸಿದ್ದರು. ಇಪ್ಪತ್ತೂ ಒಂದೇ ನವಿಲು. ಅದೇ ಕುತ್ತಿಗೆ, ಅದೇ ಕಡೆ ತಿರುಗಿದ ಮುಖ. ನಮ್ಮವಳದು ಯಾವುದು ಎಂದು ಹುಡುಕಿದೆ, ಅವಳೇ ತೋರಿಸಿದಳು. "ಚೆನ್ನಾಗಿದೆ ಪುಟ್ಟಿ" ಅಂದೆ. "ಅದು ನಂದಲ್ಲಮ್ಮ, ಸರ್‌ದು. ನಾನು ಬರೆದಿದ್ದನ್ನ ಅವರು ಸರಿ ಮಾಡಿಕೊಟ್ಟರು." ಆರು ತಿಂಗಳು ಅವಳು ಪೆನ್ಸಿಲ್ ಮುಟ್ಟಲಿಲ್ಲ.

ಕ್ಲಾಸೆಲ್ಲ ದಂಡ ಅಂತ ನಾನು ಹೇಳುತ್ತಿಲ್ಲ. ಮೈಸೂರು ಶೈಲಿಯ ಚಿತ್ರದ ಎರಡು ದಿನದ ಕಾರ್ಯಾಗಾರವೊಂದಕ್ಕೆ ನಾನೇ ಸೇರಿದ್ದೆ. ಕಲಿಸಿದವರು ಕೆಲಸಕ್ಕಿಂತ ಜಾಸ್ತಿ ಕಥೆ ಹೇಳಿದರು, ಅದೇ ಚೆಂದವಿತ್ತು. ಹಿಂದಿನ ಚಿತ್ರಗಾರರು ಹುಣಸೆ ಕಡ್ಡಿ ಸುಟ್ಟು ಇದ್ದಿಲು ಮಾಡಿಕೊಂಡು ಗೆರೆ ಎಳೆಯುತ್ತಿದ್ದರು, ಕುಂಚಕ್ಕೆ ಅಳಿಲಿನ ಕೂದಲು. ಒಡವೆ, ಕಿರೀಟ ಇರುವಲ್ಲಿ ಅಂಟು ಬೆರೆಸಿದ ಬಿಳಿ ಲೇಪದಿಂದ ಸ್ವಲ್ಪ ಉಬ್ಬಿಸಿ, ಅದರ ಮೇಲೆ ಚಿನ್ನದ ರೇಕು ಕೂರಿಸಬೇಕು. ತಂಜಾವೂರಿನ ಚಿತ್ರದಲ್ಲಿ ಈ ಉಬ್ಬು ಜಾಸ್ತಿ, ಮೈಸೂರಿನದರಲ್ಲಿ ಮುಟ್ಟಿದರೆ ಮಾತ್ರ ಗೊತ್ತಾಗುವಷ್ಟು. ರೇಕು ಎಷ್ಟು ತೆಳ್ಳಗೆ ಅಂದರೆ ಫ್ಯಾನ್ ಹಾಕುವ ಹಾಗಿಲ್ಲ, ಹಾರಿಹೋಗುತ್ತದೆ. ಮೇ ತಿಂಗಳು. ಹದಿನೈದು ಜನ ಹೆಂಗಸರು, ಫ್ಯಾನ್ ಆರಿಸಿದ ಕೋಣೆ, ಎಲ್ಲರೂ ಉಸಿರು ಬಿಗಿಹಿಡಿದು ಬಗ್ಗಿದ್ದೇವೆ. ಯಾರೋ ಒಬ್ಬರು ಸೀನಿದರು. ಅವರ ಎರಡು ಪಕ್ಕದವರ ಚಿನ್ನವೂ ಹೋಯಿತು. ನಾನಂತೂ ಗಣೇಶನನ್ನು ಮಾಡಲು ಹೋಗಿ ಅವರಪ್ಪನನ್ನು ಮಾಡಿದೆ. ಆದರೂ ಅವತ್ತಿನಿಂದ ಪರಿಷತ್ತಿನ ಮೈಸೂರು ಚಿತ್ರಗಳ ಮುಂದೆ ನಾನು ನಿಲ್ಲುವ ರೀತಿ ಬೇರೆಯಾಗಿದೆ. ಸ್ವಲ್ಪ ಪಕ್ಕಕ್ಕೆ ಸರಿದು, ತಲೆ ವಾಲಿಸಿ ನೋಡುತ್ತೇನೆ. ಬೆಳಕು ಅಡ್ಡ ಬಿದ್ದಾಗ ಆ ಉಬ್ಬು ಕಾಣುತ್ತದೆ.

ಮೂರನೆಯದು ಕಸ್ತೂರ್ಬಾ ರಸ್ತೆಯ ಮ್ಯಾಪ್, ಅಂದರೆ ಮ್ಯೂಸಿಯಂ ಆಫ್ ಆರ್ಟ್ ಆಂಡ್ ಫೋಟೋಗ್ರಫಿ. 2020ರ ಡಿಸೆಂಬರಿನಲ್ಲೇ ಆನ್‌ಲೈನಲ್ಲಿ ಶುರುವಾಗಿತ್ತು, ಕಟ್ಟಡದ ಬಾಗಿಲು ತೆರೆದದ್ದು 2023ರ ಫೆಬ್ರವರಿ 18ರಂದು. ಮಾಣಿಕ್ಯವೇಲು ತೆರೆದ ತಾರೀಕೂ ಅದೇ, ಗಮನಿಸಿದಿರಾ? ಐದು ಮಹಡಿಯ ಸ್ಟೀಲ್ ಡಬ್ಬಿಯಂಥ ಕಟ್ಟಡ. ಮಗ ನೋಡಿದ ಕೂಡಲೇ "ನೀರಿನ ಟ್ಯಾಂಕು" ಅಂದ. ಹಾಗೆಲ್ಲ ಅನ್ನಬಾರದು ಎಂದು ಗದರಿದೆ. ಆಮೇಲೆ ಓದಿದರೆ, ಕಟ್ಟಡ ವಿನ್ಯಾಸ ಮಾಡಿದ ಮ್ಯಾಥ್ಯೂ ಆಂಡ್ ಘೋಷ್ ಅವರ ತಲೆಯಲ್ಲಿದ್ದದ್ದೂ ಹಳೇ ಕಾಲದ ನೀರಿನ ಟ್ಯಾಂಕೇ! ಅವನಿಗೆ ಒಂದು ಐಸ್‌ಕ್ರೀಂ ಕೊಡಿಸಬೇಕಾಯಿತು.

ಮ್ಯಾಪ್ ನನಗೆ ಇಷ್ಟವಾಗಲು ಕಾರಣ, ಅಲ್ಲಿ 'ಕಲೆ' ಅನ್ನುವ ಮಾತಿಗೆ ಬಿಗುಮಾನ ಇಲ್ಲ. ಸಿನಿಮಾ ಪೋಸ್ಟರ್, ಬಟ್ಟೆ, ಫೋಟೋ, ಕ್ಯಾಲೆಂಡರಿನ ದೇವರು, ಎಲ್ಲಕ್ಕೂ ಗೋಡೆಯ ಮೇಲೆ ಜಾಗ. ಶುರುವಿನಲ್ಲೇ ಜ್ಯೋತಿ ಭಟ್ ಅವರ ಫೋಟೋಗಳ ಪ್ರದರ್ಶನ ಇತ್ತು. ಹಳ್ಳಿ ಹೆಂಗಸರು ಗೋಡೆ, ಅಂಗಳದ ಮೇಲೆ ಬರೆದ ಚಿತ್ತಾರಗಳನ್ನು ದಶಕಗಳ ಕಾಲ ಸುತ್ತಿ ಹಿಡಿದವರು ಅವರು. "ಅಜ್ಜಿ ರಂಗೋಲಿನೂ ಇಲ್ಲಿಡಬಹುದಾ?" ಎಂದು ಮಗಳು ಕೇಳಿದಳು. ಇಡಬಹುದು, ಆದರೆ ಹಾಲಿನವನು ತುಳಿಯುವ ಮುಂಚೆ ಫೋಟೋ ತೆಗೆಯಬೇಕಲ್ಲ.

2025ರಲ್ಲಿ ಅಲ್ಲಿ ಹಳೇ ಬಟ್ಟೆ ಮಿಲ್ಲುಗಳ ಲೇಬಲ್‌ಗಳ ಪ್ರದರ್ಶನ ಇತ್ತು. 'ಟಿಕೆಟ್ ಟಿಕಾ ಛಾಪ್' ಅಂತ ಹೆಸರು. ಬ್ರಿಟಿಷರ ಕಾಲದಲ್ಲಿ ಬ್ರಿಟನ್ನಿನಿಂದ ಇಲ್ಲಿಗೆ ಬರುತ್ತಿದ್ದ ಬಟ್ಟೆಗಳ ಮೇಲೆ ಅಂಟಿಸುತ್ತಿದ್ದ ಬಣ್ಣದ ಚೀಟಿಗಳವು. ಆನೆ, ಹುಲಿ, ಕೃಷ್ಣ, ಲಕ್ಷ್ಮಿ. ಓದಲು ಬಾರದವರೂ ಚಿತ್ರ ನೋಡಿ ಇದೇ ಬೇಕು ಎಂದು ಕೇಳುತ್ತಿದ್ದರು. ಅತ್ತೆಗೆ ಇದನ್ನು ವಿವರಿಸಬೇಕಾಗಲಿಲ್ಲ. ಬೆಂಕಿಪೊಟ್ಟಣವನ್ನೂ, ಊದುಬತ್ತಿಯನ್ನೂ ಅವರು ಇವತ್ತಿಗೂ ಚಿತ್ರದ ಮೇಲೇ ಗುರುತು ಹಿಡಿಯುವುದು. ಇನ್ನೊಂದು ಖುಷಿಯ ವಿಷಯ, ಕಣ್ಣು ಕಾಣದವರಿಗೆಂದು ಕೆಲವು ಕೃತಿಗಳನ್ನು ಮುಟ್ಟಿ ನೋಡುವ ಹಾಗೆ ಮಾಡಿಟ್ಟಿದ್ದಾರೆ. ಏಳು ವರ್ಷ "ಮುಟ್ಟಬೇಡ, ಮುಟ್ಟಬೇಡ" ಎಂದು ಕೇಳಿಸಿಕೊಂಡ ಮಗನಿಗೆ ಅದು ಹಬ್ಬ.

ಬೇಸರಗಳೂ ಇವೆ, ಯಾವ ಊರಿನಲ್ಲಿ, ಯಾವ ಕಡೆ ಎಂದು ಹೇಳುವುದಿಲ್ಲ. ಮಕ್ಕಳ ಕಾರ್ಯಕ್ರಮದ ಫಾರಂ ಇಂಗ್ಲಿಷಿನಲ್ಲಿ ಮಾತ್ರ. ಅಜ್ಜಿಯೂ ಬರಬಹುದು ಅನ್ನುತ್ತಾರೆ, ವಿವರಣೆ ಪೂರ್ತಿ ಇಂಗ್ಲಿಷಿನಲ್ಲಿ ಕೊಡುತ್ತಾರೆ. ಅಕ್ಕನ ವಯಸ್ಸಿಗೆ ಒಂದು ಗುಂಪು, ತಮ್ಮನ ವಯಸ್ಸಿಗೆ ಇನ್ನೊಂದು, ನಡುವೆ ಎರಡು ಗಂಟೆ ಅಂತರ. ಅಷ್ಟು ಹೊತ್ತು ಕಾಯುವವರಿಗೆ ಒಂದು ಬೆಂಚು ಹಾಕಿದರೆ ಪುಣ್ಯ ಬರುತ್ತದೆ. ಉಚಿತ ಕಾರ್ಯಾಗಾರಗಳ ಸೀಟು ಪ್ರಕಟವಾದ ಸ್ವಲ್ಪ ಹೊತ್ತಿಗೇ ತುಂಬಿಹೋಗುತ್ತದೆ, ಆಮೇಲೆ ಹೋಗಿ ನೋಡಿದರೆ ಅರ್ಧ ಜನ ಬಂದಿರುವುದಿಲ್ಲ. ಬುಕ್ ಮಾಡಿ ಬಾರದವರೇ, ನಿಮ್ಮ ಮೇಲೆ ನನಗೆ ಕೋಪ ಇದೆ.

ಹೋಗುವವರಿಗೆ ಒಂದೆರಡು ಮಾತು. ಮಾಣಿಕ್ಯವೇಲು, ಮ್ಯಾಪ್ ಎರಡಕ್ಕೂ ಸೋಮವಾರ ರಜೆ. ಮ್ಯಾಪ್‌ಗೆ ಕಬ್ಬನ್ ಪಾರ್ಕ್ ಮೆಟ್ರೋ ಸ್ಟೇಷನ್ ಹತ್ತಿರ. ನಮ್ಮ ಕಡೆಯಿಂದ ಮೆಜೆಸ್ಟಿಕ್‌ನಲ್ಲಿ ರೈಲು ಬದಲಾಯಿಸಿದರಾಯಿತು. ಪರಿಷತ್ತಿಗೆ ಸಂಪಿಗೆ ರಸ್ತೆ ಸ್ಟೇಷನ್ನಿನಲ್ಲಿ ಇಳಿದು ಆಟೋ ಹಿಡಿಯುತ್ತೇವೆ. ಕಾರು ಬೇಡವೇ ಬೇಡ. ಪೆನ್ಸಿಲ್ ಸಾಕು, ಪೆನ್ನು, ವಾಟರ್‌ಕಲರ್ ಬ್ಯಾಗಿನಲ್ಲೇ ಇರಲಿ. ಮಕ್ಕಳ ಹೊಟ್ಟೆ ತುಂಬಿಸಿ ಕರೆದೊಯ್ಯಿರಿ.

ಮಗಳಿಗೆ ಈಗ ಹದಿಮೂರು, ನನ್ನ ಜೊತೆ ಬರಲು ನಾಚಿಕೆ. ಹೋದ ತಿಂಗಳು ಗೆಳತಿಯರ ಜೊತೆ ಮೆಟ್ರೋದಲ್ಲಿ ಮ್ಯಾಪ್‌ಗೆ ಹೋಗಿ ಬಂದಳು. ಏನು ನೋಡಿದೆ ಅಂದರೆ "ಏನೋ ಒಂದು" ಅಂದು ರೂಮಿನ ಬಾಗಿಲು ಹಾಕಿಕೊಂಡಳು. ಹಾಗಾಗಿ ಈ ಶನಿವಾರ ಪರಿಷತ್ತಿಗೆ ನಾನು, ಮಗ, ಅತ್ತೆ ಮಾತ್ರ. ಅತ್ತೆಗೆ ಮತ್ತೆ ಗೊಂಬೆ ನೋಡಬೇಕಂತೆ. ಟಾರ್ಚ್ ತಗೊಂಡು ಹೋಗೋಣ್ವಾ ಎಂದು ಮಗ ಕೇಳುತ್ತಿದ್ದಾನೆ. ಬೈಸಿಕೊಳ್ತೀಯ ಕಣೋ ಅಂದೆ. ಅತ್ತೆ ಮಾತ್ರ ಸುಮ್ಮನೆ ಹೋಗಿ ಟಾರ್ಚಿನ ಸೆಲ್ ಇದೆಯಾ ಎಂದು ನೋಡುತ್ತಿದ್ದಾರೆ.