ಆಕ್ಸ್‌ಫರ್ಡ್ ಇಂಗ್ಲಿಷ್ ಡಿಕ್ಷನರಿ ಆನ್‌ಲೈನ್: ‘ಆಟೊಬಯಾಗ್ರಫಿ’ಯ ಜಾಡಿನಲ್ಲಿ

ನಿಘಂಟಿಗೆ ಚಂದಾ ಕಟ್ಟುವ ಮುನ್ನ ಒಂದೇ ಪದವನ್ನು ಹಿಡಿದು ಅದರ ಬುಡದವರೆಗೆ ಹೋಗಿ ನೋಡುವುದು ಒಳ್ಳೆಯ ಪರೀಕ್ಷೆ. ಆಕ್ಸ್‌ಫರ್ಡ್ ನಿಘಂಟನ್ನು ನಾನು ‘ಆಟೊಬಯಾಗ್ರಫಿ’ ಎಂಬ ಪದದಿಂದ ಒರೆಗೆ ಹಚ್ಚಿದೆ. ತನ್ನ ಬದುಕಿನ ಕಥೆಯನ್ನು ತಾನೇ ಬರೆದದ್ದು ಎಂಬ ಅರ್ಥವಾಗಲಿ, ‘ತಾನು’, ‘ಬದುಕು’, ‘ಬರೆ’ ಎಂಬರ್ಥದ ಮೂರು ಗ್ರೀಕ್ ಮೂಲಗಳಾಗಲಿ ಯಾವ ಸಾಧಾರಣ ನಿಘಂಟಿನಲ್ಲೂ ಸಿಗುತ್ತವೆ. ಇದರ ಬೆಲೆ ಇರುವುದು ಇಸವಿ ಸಹಿತ ಕೊಟ್ಟಿರುವ ಪ್ರಯೋಗಗಳಲ್ಲಿ.

1797ರಲ್ಲಿ ‘ಮಂತ್ಲಿ ರಿವ್ಯೂ’ ಪತ್ರಿಕೆಗಾಗಿ ಐಸಾಕ್ ಡಿಸ್ರೇಲಿಯ ಪುಸ್ತಕವೊಂದನ್ನು ವಿಮರ್ಶಿಸುತ್ತಿದ್ದ ವಿಲಿಯಂ ಟೇಲರ್, ಅದರಲ್ಲಿದ್ದ ‘ಸೆಲ್ಫ್-ಬಯಾಗ್ರಫಿ’ಯ ಬಳಿ ತಡೆದು ನಿಲ್ಲುತ್ತಾರೆ. ಅರ್ಧ ಸ್ಯಾಕ್ಸನ್, ಅರ್ಧ ಗ್ರೀಕ್ ಆದ ಬೆರಕೆ ಪದ ಇಂಗ್ಲಿಷಿನಲ್ಲಿ ಅಷ್ಟಾಗಿ ರೂಢಿಯಲ್ಲಿಲ್ಲ, ಆದರೂ ‘ಆಟೊಬಯಾಗ್ರಫಿ’ ಎಂದಿದ್ದರೆ ಅದು ಪಾಂಡಿತ್ಯದ ಆಡಂಬರವಾಗಿ ಕಾಣುತ್ತಿತ್ತು ಎಂಬುದು ಅವರ ಮಾತಿನ ತಾತ್ಪರ್ಯ. ಸಂಸ್ಕೃತ, ಕನ್ನಡ ಪದಗಳನ್ನು ಬೆಸೆದ ಅರಿಸಮಾಸವೆಂದರೆ ಮೂಗು ಮುರಿಯುವ ನಮ್ಮ ವೈಯಾಕರಣರಿಗೂ ಈ ಇಕ್ಕಟ್ಟು ಹೊಸದಲ್ಲ. ಟೇಲರ್ ಅನುಮಾನಿಸಿದ ಪದವೇ ಕೊನೆಗೆ ಗೆದ್ದಿತು. ಈ ನಿಘಂಟಿನ ಸಂಪಾದಕರಾಗಿದ್ದ ಜೇಮ್ಸ್ ಮರ್ರೆ ಅವರ ಮೊದಲ ಆವೃತ್ತಿ ಇದರ ಆರಂಭವನ್ನು ರಾಬರ್ಟ್ ಸದೀ 1809ರಲ್ಲಿ ಬರೆದ ಲೇಖನಕ್ಕೆ ಕಟ್ಟಿತ್ತು. ಹಳೆಯ ಪ್ರಯೋಗ ದೊರೆತಾಗ ಇಸವಿಯನ್ನು ಹಿಂದಕ್ಕೆ ಸರಿಸಿದ್ದು ಈ ನಿಘಂಟಿನ ದೊಡ್ಡ ಗುಣ.

ಒಂದು ಎಚ್ಚರಿಕೆ ಮಾತ್ರ ಬೇಕು. ಇಲ್ಲಿ ಕಾಣುವುದು ಪದದ ವಯಸ್ಸೇ ಹೊರತು ಆ ಬಗೆಯ ಬರವಣಿಗೆಯ ವಯಸ್ಸಲ್ಲ. ಜೈನ ವ್ಯಾಪಾರಿ ಬನಾರಸೀದಾಸರು 1641ರಲ್ಲೇ ತಮ್ಮ ಬದುಕನ್ನು, ಅದೂ ವ್ಯಾಪಾರದ ನಷ್ಟಗಳ ಸಮೇತ, ಪದ್ಯದಲ್ಲಿ ಬರೆದಿದ್ದರು. ಅಂಥದ್ದನ್ನು ತಿಳಿಯಲು ಸಾಹಿತ್ಯ ಚರಿತ್ರೆಯ ಮೊರೆಯನ್ನೇ ಹೋಗಬೇಕು.

ಪ್ರಯೋಗಗಳನ್ನು ಪೂರ್ಣವಾಗಿ ನೋಡಲು ಚಂದಾ ಬೇಕಾಗುವುದರಿಂದ, ಅಪರೂಪಕ್ಕೊಮ್ಮೆ ಅರ್ಥ ಹುಡುಕುವವರಿಗೆ ಇದು ದುಬಾರಿಯೇ. ಅವರು ವಿಶ್ವವಿದ್ಯಾಲಯದ ಗ್ರಂಥಾಲಯದಲ್ಲಿ ವಿಚಾರಿಸುವುದು ಲೇಸು. ಕನ್ನಡ ಸಾಹಿತ್ಯ ಪರಿಷತ್ತಿನ 8 ಸಂಪುಟಗಳ ನಿಘಂಟಿನಲ್ಲಿ ಶಾಸನ, ಕಾವ್ಯಗಳ ಪ್ರಯೋಗಗಳನ್ನು ಓದಿ ರುಚಿ ಕಂಡವರಿಗೂ, ಅನುವಾದಕರಿಗೂ, ಇಂಗ್ಲಿಷ್ ಅಧ್ಯಾಪಕರಿಗೂ ಕೊಟ್ಟ ಹಣ ವ್ಯರ್ಥವೆನಿಸದು.